‘ಒಂದು ಅಧ್ಯಯನ’ ಅಂದ್ರೆ ಏನ್ ಸ್ವಾಮಿ?

ನಮ್ಮ ಆಫೀಸಿನಲ್ಲಿ ಯಾರಾದರೂ ‘ಪೇಮೆಂಟ್ ಪೇಜ್: ಒಂದು ಅಧ್ಯಯನ’ ಅಂತ ಟಿಕೆಟ್ ಹಾಕಿದರೆ ಐದೇ ನಿಮಿಷದಲ್ಲಿ ವಾಪಸ್ ಬರುತ್ತೆ. ಏನು ಕೆಟ್ಟಿದೆ, ಯಾರಿಗೆ, ಯಾವಾಗ, ಮೊದಲು ಅದನ್ನ ಬರಿಯಪ್ಪಾ ಅಂತಾರೆ. ಕನ್ನಡದಲ್ಲಿ ಪಿಎಚ್‌ಡಿ ಮಾಡಲು ಹೋಗಿ. ಇದೇ ಥರದ ತಲೆಬರಹ ಹಿಡಿದು ಐದು ವರ್ಷ ಆರಾಮಾಗಿ ಕಳೆಯಬಹುದು.

ಹೊರಗೆ ನಿಂತು ನಗುತ್ತಿಲ್ಲ. ಸಾಫ್ಟ್‌ವೇರಿಗೆ ಬರುವ ಮುಂಚೆ ನಾನೂ ಒಂದು ಸಿನಾಪ್ಸಿಸ್ ಬರೆದವನೇ. ಆಗ ಬೇಗೂರಿನಲ್ಲಿ ರೂಮು. ಅಲ್ಲಿನ ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಸುಮಾರು 890ರ ವೀರಗಲ್ಲಿನ ಶಾಸನವಿದೆ. ‘ಬೆಂಗಳೂರಿನ ಕಾಳಗ’ದಲ್ಲಿ ಸತ್ತವರ ಹೆಸರು ಅದರಲ್ಲಿದೆ. ಆದರೆ ಒಂದಕ್ಷರವೂ ಇಲ್ಲದ ವೀರಗಲ್ಲುಗಳು ನಾಡಿನ ತುಂಬ ಬಿದ್ದಿವೆ. ಇಬ್ಬರೂ ಹೋರಾಡಿಯೇ ಸತ್ತವರು. ಒಬ್ಬನ ಹೆಸರು ಉಳಿಯಿತು, ಇನ್ನೊಬ್ಬನದು ಯಾಕೆ ಉಳಿಯಲಿಲ್ಲ?

ಇದು ನನ್ನ ಪ್ರಶ್ನೆಯಾಗಿತ್ತು. ‘ಪ್ರಶ್ನೆಗಿಶ್ನೆ ಬೇಡ, ಬೆಂಗಳೂರು ಸುತ್ತಲಿನ ವೀರಗಲ್ಲುಗಳು: ಒಂದು ಅಧ್ಯಯನ ಅಂತ ಹಾಕು, ಸೇಫು’ ಅಂದರು ಗೈಡ್. ಹಾಕಿದೆ. ಉದ್ದೇಶಗಳು: ವೀರಗಲ್ಲುಗಳನ್ನು ಪರಿಚಯಿಸುವುದು, ಅವುಗಳ ಮಹತ್ವ ತಿಳಿಸುವುದು. ಎರಡು ವರ್ಷ ಫೋಟೋ ತೆಗೆದೆ, ಅಳತೆ ಬರೆದುಕೊಂಡೆ. ಯಾವುದು ಬೇಕು, ಯಾವುದು ಬೇಡ ಅಂತ ಗೊತ್ತಾಗಲೇ ಇಲ್ಲ. ಕೊನೆಗೆ ಎಲ್ಲವನ್ನೂ ಬಿಟ್ಟೆ.

ಈ ‘ಸೇಫು’ ಅನ್ನೋದೇ ರೋಗ. ‘ಮಹತ್ವ ತಿಳಿಸುವುದು’ ಎಂಬ ಉದ್ದೇಶ ಸೋಲುವುದು ಸಾಧ್ಯವೇ ಇಲ್ಲ. ಸೋಲಲಾರದ್ದು ಏನನ್ನೂ ಕಂಡುಹಿಡಿಯಲಾರದು.

ಅದೇ ಹೀಗೆ ಕೇಳಿ ನೋಡಿ. ಸತ್ತ ವೀರನ ಮನೆಯವರಿಗೆ ಭೂಮಿ ಕೊಡುವ ಪದ್ಧತಿಯಿತ್ತು, ನೆತ್ತರುಕೊಡಗಿ ಅಂತಿದ್ದರು. ಹಾಗಾದರೆ ಹೆಸರು ಕೆತ್ತಿದ್ದು ಗೌರವಕ್ಕೋ, ಭೂಮಿಯ ದಾಖಲೆಗೋ? ಈಗ ಉದ್ದೇಶಗಳು ತಾವೇ ಹುಟ್ಟುತ್ತವೆ: ಬರಹವಿರುವ, ಇಲ್ಲದ ಕಲ್ಲುಗಳನ್ನು ಬೇರ್ಪಡಿಸುವುದು, ಬರಹವಿದ್ದರೆ ಎಷ್ಟರಲ್ಲಿ ಭೂಮಿಯ ಮಾತಿದೆ ಎಂದು ಎಣಿಸುವುದು, ತುರುಗಾಳಗದ ಕಲ್ಲನ್ನೂ ಅರಸರ ಯುದ್ಧದ ಕಲ್ಲನ್ನೂ ಹೋಲಿಸುವುದು. ಭೂಮಿಯ ಮಾತೇ ಇಲ್ಲದ ಹೆಸರುಗಳು ರಾಶಿ ಸಿಕ್ಕರೆ ನನ್ನ ಊಹೆ ಮಣ್ಣುಪಾಲು. ಆಗಲಿ ಬಿಡಿ, ಒಂದು ವಿಷಯವಾದರೂ ತಿಳಿಯಿತಲ್ಲ!

‘ಚಿದಾನಂದಮೂರ್ತಿಯವರ ಪುಸ್ತಕದ ಹೆಸರಲ್ಲೂ ಅಧ್ಯಯನ ಇದೆಯಲ್ಲ’ ಅಂತೀರಾ? ಇದೆ. 1966ರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’. ಆದರೆ ಅದಕ್ಕೆ 450ರಿಂದ 1150ರವರೆಗೆ ಅಂತ ಬೇಲಿಯಿದೆ. ರಾಜರ ಇಸವಿಗಾಗಿ ಓದುತ್ತಿದ್ದ ಕಲ್ಲುಗಳನ್ನು ಅವರು ‘ಜನ ಹೇಗೆ ಬದುಕಿದರು, ಯಾತಕ್ಕಾಗಿ ಸತ್ತರು’ ಅಂತ ಕೇಳಿದರು. ನಾವು ತಲೆಬರಹ ಮಾತ್ರ ಎತ್ತಿಕೊಂಡು ಪ್ರಶ್ನೆಯನ್ನು ಅಲ್ಲೇ ಬಿಟ್ಟೆವು.

ಸಿನಾಪ್ಸಿಸ್ ನೋಡುವ ಸಮಿತಿಗಳು ಒಂದೇ ಒಂದು ಮಾತು ಕೇಳಲಿ: ‘ಏನು ಸಿಕ್ಕಿದರೆ ನಿನ್ನದು ತಪ್ಪು ಅಂತ ಒಪ್ಕೋತೀಯಾ?’ ಉತ್ತರವಿಲ್ಲದವರನ್ನು ವಾಪಸ್ ಕಳಿಸಲಿ. ನನ್ನನ್ನು ಅವತ್ತು ಹಾಗೆ ಕಳಿಸಿದ್ದರೆ, ಬಹುಶಃ ಇವತ್ತೂ ನಾನು ಆ ಕಲ್ಲುಗಳ ಮುಂದೆಯೇ ಇರುತ್ತಿದ್ದೆ.