ಸಾಲುಮನೆಗಳಿಗೆ ಮೊದಲು ಭಾಗಪತ್ರ

ಮೈಸೂರಿನ ಹೊರವಲಯದಲ್ಲಿ ನಮ್ಮ ತಾತನವರ ಕಾಲದಿಂದ ಬಂದ ಮೂವತ್ತು ಗುಂಟೆ ಖುಷ್ಕಿ ಜಮೀನಿದೆ. ನನ್ನ ಬಾಲ್ಯದಲ್ಲಿ ಅಲ್ಲಿ ಹುರುಳಿ, ಹುಚ್ಚೆಳ್ಳು ಬೆಳೆಯುತ್ತಿದ್ದರು. ಈಗ ಮೂರು ದಿಕ್ಕಿನಲ್ಲಿಯೂ ಬಡಾವಣೆಗಳು ಬಂದು ನಿಂತಿವೆ. ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ನನ್ನ ದಿವಂಗತ ಅಣ್ಣನ ಮಗ ಅಲ್ಲಿ ಹನ್ನೆರಡು ಸಾಲುಮನೆಗಳನ್ನು ಕಟ್ಟಿ ಮಾರಬೇಕೆಂದು ಹೊರಟಿದ್ದಾನೆ. ಇಲ್ಲಿಯವರೆಗೆ ಅವನು ಒಂದು ಕೊಠಡಿಯನ್ನೂ ಕಟ್ಟಿಸಿದವನಲ್ಲ. ಅದನ್ನು ನಾನು ದೋಷವೆನ್ನುವುದಿಲ್ಲ. ಗೋಡೆಗೆ ಗೋಡೆ ತಾಗಿದ, ಮುಂದೆ ಜಗಲಿಯುಳ್ಳ ಮನೆಗಳು ನಮ್ಮ ಅಗ್ರಹಾರಗಳಿಗೆ ಹೊಸವೂ ಅಲ್ಲ. (ರೋ ಹೌಸ್ ಎಂದು ಕರೆದರೆ ಬೆಲೆ ಏರುತ್ತದೆಯಂತೆ!)

ನಕ್ಷೆಯನ್ನು ನೋಡಿ ಸಂತೋಷಪಟ್ಟೆ. ಅದರ ಕೆಳಗೆ ಇನ್ನೊಂದು ಕಾಗದವಿತ್ತು. ನನ್ನ ಇಬ್ಬರು ತಂಗಿಯರು ಸಹಿ ಮಾಡಬೇಕಾದ ಹಕ್ಕು ಬಿಡುಗಡೆ ಪತ್ರ. "ಚಿಕ್ಕಪ್ಪ, ನೀವು ಹೇಳಿದರೆ ಅತ್ತೆಯರು ಇಲ್ಲವೆನ್ನುವುದಿಲ್ಲ. ಅರಿಶಿನ ಕುಂಕುಮಕ್ಕೆಂದು ಏನಾದರೂ ಕೊಡೋಣ" ಎಂದ. ನಾನು ಒಪ್ಪಲಿಲ್ಲ. ಬಂಧುಗಳಲ್ಲಿ ಹಲವರು ನನ್ನನ್ನು ಆಕ್ಷೇಪಿಸಿರುವುದರಿಂದ ಕಾರಣವನ್ನು ಇಲ್ಲಿ ಬರೆಯುತ್ತಿದ್ದೇನೆ.

ಪಹಣಿಯಲ್ಲಿ ಅಣ್ಣನ ಹೆಸರೊಂದೇ ಇದೆ, ನಿಜ. ಆದರೆ ನಮ್ಮಲ್ಲಿ ಎಂದೂ ವಿಭಾಗವಾಗಿಲ್ಲ. 1994ರ ನಮ್ಮ ರಾಜ್ಯದ ತಿದ್ದುಪಡಿಯು ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟರೂ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿಯಲ್ಲಿ ಆ ಭೇದವಿಲ್ಲ. ಆ ದಿನ ತಂದೆ ಬದುಕಿರಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. ಅಂದಮೇಲೆ ನಾವು ನಾಲ್ಕು ಮಕ್ಕಳಿಗೆ ತಲಾ ಏಳೂವರೆ ಗುಂಟೆ. ಈ ಲೆಕ್ಕಕ್ಕೆ ಗಣಿತದ ಮೇಷ್ಟ್ರೇ ಬೇಕಾಗಿಲ್ಲ.

"ಸಾಲ ನನ್ನದು, ಶ್ರಮ ನನ್ನದು, ಅತ್ತೆಯರು ಹಾಕುವುದೇನು?" ಎಂದು ಅವನು ಕೇಳಿದ. ಪ್ರಶ್ನೆ ನ್ಯಾಯವಾದದ್ದೇ. ಅವನ ಶ್ರಮಕ್ಕೆ ಸಂಬಳವನ್ನೂ ಹಾಕಿದ ಹಣಕ್ಕೆ ಬಡ್ಡಿಯನ್ನೂ ಮೊದಲು ಕಳೆದುಕೊಳ್ಳಲಿ. ಆದರೆ ಬ್ಯಾಂಕು ಅಡಮಾನಕ್ಕೆ ಕೇಳುವುದು ಭೂಮಿಯನ್ನು. ಮನೆಗಳು ಮಾರಾಟವಾಗದಿದ್ದರೆ ಹೋಗುವುದು ಅದೇ ಭೂಮಿ. ತಂಗಿಯರು ಹಾಕುತ್ತಿರುವುದು ಅದನ್ನು.

ಭೂಪರಿವರ್ತನೆ, ನಕ್ಷೆಯ ಅನುಮೋದನೆ ಇವೆಲ್ಲ ಅಲೆದಾಟದ ಕೆಲಸಗಳು, ಆಗುತ್ತವೆ. ಹೊಸಬರು ಲಕ್ಷ್ಯವಿಟ್ಟು ಓದಬೇಕಾದದ್ದು 2016ರ ರೇರಾ ಕಾಯಿದೆಯನ್ನು. ಜಾಗ 500 ಚದರ ಮೀಟರನ್ನೂ ಮನೆಗಳ ಸಂಖ್ಯೆ ಎಂಟನ್ನೂ ಮೀರಿದರೆ ನೋಂದಣಿ ಕಡ್ಡಾಯ. 500 ಚದರ ಮೀಟರ್ ಎಂದರೆ ಐದು ಗುಂಟೆಗೂ ತುಸು ಕಡಿಮೆ; ನಮ್ಮದು ಅದರ ಆರು ಪಟ್ಟು. ಕೊಳ್ಳುವವರಿಂದ ಪಡೆದ ಹಣದಲ್ಲಿ ಶೇಕಡ 70ರಷ್ಟನ್ನು ಆ ಯೋಜನೆಯ ಭೂಮಿ ಮತ್ತು ನಿರ್ಮಾಣದ ವೆಚ್ಚಕ್ಕಾಗಿಯೇ ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ಮುಂಗಡದ ಹಣದಿಂದ ಮನೆಸಾಲ ತೀರಿಸುವ ಲೆಕ್ಕ ಹಾಕಿದ್ದ ನಮ್ಮ ಹುಡುಗನಿಗೆ ಇದು ತಿಳಿದೇ ಇರಲಿಲ್ಲ! ಇನ್ನೊಂದು ಮಾತು: ಭೂಮಿಯ ಹಕ್ಕಿನಲ್ಲಿ ದೋಷವಿದ್ದು ಕೊಂಡವರಿಗೆ ನಷ್ಟವಾದರೆ ಪರಿಹಾರ ಕೇಳಲು ಕಾಲಮಿತಿಯೇ ಇಲ್ಲ. ನಾಳೆ ನನ್ನ ತಂಗಿಯ ಮೊಮ್ಮಗ ದಾವೆ ಹೂಡಿದರೆ ಕೋರ್ಟಿಗೆ ಅಲೆಯುವವರು ಯಾರು? ನಿವೃತ್ತಿಯ ಹಣವನ್ನೆಲ್ಲ ಸುರಿದು ಮನೆ ಕೊಂಡ, ನನ್ನಂತಹ ಯಾರೋ ಒಬ್ಬರು.

ಆದ್ದರಿಂದ ನನ್ನ ಅಭಿಪ್ರಾಯವಿದು. ಮೊದಲು ಭಾಗಪತ್ರ ನೋಂದಣಿಯಾಗಲಿ. ಅನಂತರ ಇಚ್ಛೆಯುಳ್ಳವರು ತಮ್ಮ ಪಾಲನ್ನು ಜಂಟಿ ಅಭಿವೃದ್ಧಿ ಕರಾರಿಗೆ ಒಪ್ಪಿಸಿ ಮನೆಗಳಲ್ಲಿ ಭಾಗ ಪಡೆಯಲಿ. ಒಲ್ಲದವರಿಗೆ ಇಂದಿನ ಬೆಲೆ ಸಲ್ಲಲಿ, ಇಲ್ಲವೇ ಅವರ ಭೂಮಿ ಅವರಿಗೇ ಉಳಿಯಲಿ. ಹನ್ನೆರಡರ ಬದಲು ಆರೇ ಮನೆಗಳಾದರೂ ಚಿಂತೆಯಿಲ್ಲ.

ಈ ಹಟಕ್ಕೆ ಇನ್ನೊಂದು ಕಾರಣವುಂಟು. 1983ರಲ್ಲಿ ಕೊಳವೆಬಾವಿಯ ಸಾಲಕ್ಕೆಂದು ನಾನೇ ಚಿಕ್ಕ ತಂಗಿಯ ಸಹಿ ಪಡೆದಿದ್ದೆ. ಅವಳು ಅಂದು ಆ ಪತ್ರವನ್ನು ಓದಲಿಲ್ಲ. ಮೇಷ್ಟ್ರಾದ ಅಣ್ಣ ಬೆರಳಿಟ್ಟು ತೋರಿಸಿದ ಜಾಗವೆಂದು ಸಹಿ ಮಾಡಿ ಒಳಗೆ ಹೋಗಿ ಕಾಫಿ ತಂದಳು. ನಾನೂ ಓದಿ ಹೇಳಲಿಲ್ಲ.

ಬರುವ ಭಾನುವಾರ ಎಲ್ಲರೂ ನಮ್ಮ ಮನೆಯಲ್ಲಿ ಸೇರುತ್ತಿದ್ದೇವೆ. ಇಬ್ಬರು ತಂಗಿಯರಿಗೂ ಮರೆಯದೆ ಕನ್ನಡಕ ತರುವಂತೆ ಹೇಳಿದ್ದೇನೆ.