ಬಿಡಿ ಮಾತ್ರೆ ಮತ್ತು ಬಡವನ ಜ್ವರ

ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದ ಕೂಲಿಕಾರನಿಗಾಗಲಿ, ಹೊಸಕೋಟೆಯ ತೋಟದ ಆಳಿಗಾಗಲಿ ಜ್ವರ ಬಂದರೆ ಅವನು ಮೊದಲು ಹೋಗುವುದು ಡಾಕ್ಟರ ಬಳಿಗಲ್ಲ, ಔಷಧಿ ಅಂಗಡಿಗೆ. ಕೈಯಲ್ಲಿರುವ ಕಾಸಿಗೆ ತಕ್ಕಂತೆ ನಾಲ್ಕು ಮಾತ್ರೆ ಕತ್ತರಿಸಿ ಕೊಡುತ್ತಾರೆ. ಎರಡು ದಿನಕ್ಕೆ ಜ್ವರ ಇಳಿದರೆ ಮೂರನೆಯ ದಿನ ಅವನು ಕೆಲಸದಲ್ಲಿರುತ್ತಾನೆ. ಇದನ್ನು ಕಂಡ ಪಟ್ಟಣದ ವಿದ್ಯಾವಂತರು, ಹಳ್ಳಿಯವರ ಅಜ್ಞಾನದಿಂದಲೇ ಔಷಧಿಗಳು ಬಲಗುಂದುತ್ತಿವೆ ಎಂದು ಮೂಗು ಮುರಿಯುತ್ತಾರೆ. ಔಷಧಿಗಳು ಬಲಗುಂದುತ್ತಿರುವುದು ನಿಜ. ಆದರೆ ತಪ್ಪು ಯಾರದೆಂಬುದನ್ನು ನಾವು ವಿಚಾರಿಸಬೇಕಾಗಿದೆ.

ಆಂಟಿಬಯೋಟಿಕ್ ಎಂಬುದು ಒಂದೇ ಮದ್ದಲ್ಲ, ಹಲವು ಕುಲದ ಮದ್ದುಗಳಿಗೆ ಇರುವ ಒಂದೇ ಹೆಸರು. ಒಂದೊಂದು ಕುಲವೂ ಕ್ರಿಮಿಯನ್ನು ಒಂದೊಂದು ಕಡೆಯಲ್ಲಿ ಹಿಡಿಯುತ್ತದೆ. ೧೯೨೮ರಲ್ಲಿ ಫ್ಲೆಮಿಂಗ್ ಬೂಷ್ಟಿನಲ್ಲಿ ಕಂಡ ಪೆನಿಸಿಲಿನ್, ಅದೇ ಕುಲದ ಅಮಾಕ್ಸಿಸಿಲಿನ್, ನೆಂಟತನದ ಸೆಫಲೋಸ್ಪೋರಿನ್‌ಗಳು ಕ್ರಿಮಿಯ ಹೊರಗೋಡೆ ಕಟ್ಟಲು ಬಿಡುವುದಿಲ್ಲ. ಗೋಡೆಯಿಲ್ಲದ ಕ್ರಿಮಿ ಒಡೆದು ಸಾಯುತ್ತದೆ. ನಮ್ಮ ದೇಹದ ಜೀವಕಣಗಳಿಗೆ ಅಂಥ ಗೋಡೆಯೇ ಇಲ್ಲ. ಆದ್ದರಿಂದ ಮೈಗೆ ಒಗ್ಗದ ಕೆಲವರನ್ನು ಬಿಟ್ಟರೆ ಉಳಿದವರಿಗೆ ಅಪಾಯ ಕಡಿಮೆ. ಸ್ಟ್ರೆಪ್ಟೋಮೈಸಿನ್, ಜೆಂಟಾಮೈಸಿನ್, ಡಾಕ್ಸಿಸೈಕ್ಲಿನ್, ಅಜಿತ್ರೋಮೈಸಿನ್‌ಗಳು ಕ್ರಿಮಿಯೊಳಗೆ ಪ್ರೋಟೀನು ತಯಾರಾಗುವ ಕಾರ್ಖಾನೆಯನ್ನೇ ಕೆಡಿಸುತ್ತವೆ. ಇವುಗಳಲ್ಲಿ ಮೊದಲಿನ ಎರಡು ಅಳತೆ ಮೀರಿದರೆ ಕಿವಿಗೆ, ಮೂತ್ರಪಿಂಡಕ್ಕೆ ಕೇಡು. ಸಿಪ್ರೋಫ್ಲಾಕ್ಸಾಸಿನ್ ಕ್ರಿಮಿಯ ವಂಶಸೂತ್ರ ನಕಲಾಗದಂತೆ ತಡೆಯುತ್ತದೆ. ಸಲ್ಫಾ ಮದ್ದುಗಳು ಕ್ರಿಮಿ ತನಗೆ ಬೇಕಾದ ಫೋಲಿಕ್ ಆಮ್ಲವನ್ನು ತಯಾರಿಸಿಕೊಳ್ಳದಂತೆ ಮಾಡುತ್ತವೆ. ನಾವು ಅದನ್ನು ಊಟದಿಂದ ಪಡೆಯುವುದರಿಂದ ನಮಗೆ ಆ ತೊಂದರೆಯಿಲ್ಲ.

ನೆಗಡಿ, ಫ್ಲೂ, ಡೆಂಗೆ ಬರುವುದು ವೈರಸ್ಸಿನಿಂದ. ಅದಕ್ಕೆ ಆ ಗೋಡೆಯೂ ಇಲ್ಲ, ಆ ಕಾರ್ಖಾನೆಯೂ ಇಲ್ಲ. ಈ ಮದ್ದುಗಳು ಅದರ ಮೇಲೆ ನಡೆಯವು. ನೆಗಡಿಗೆ ಅಜಿತ್ರೋಮೈಸಿನ್ ನುಂಗಿದವನು ಕಾಸನ್ನೂ ಕಳೆದುಕೊಂಡ, ಮೈಯೊಳಗಿನ ಬೇರೆ ಕ್ರಿಮಿಗಳಿಗೆ ಆ ಮದ್ದನ್ನು ಎದುರಿಸುವ ಪಾಠವನ್ನೂ ಕಲಿಸಿದ.

ಈ ಪಾಠ ನಡೆಯುವುದು ಹೀಗೆ. ಕೋಟಿ ಕ್ರಿಮಿಗಳಲ್ಲಿ ಕೆಲವು ಹುಟ್ಟಿನಿಂದಲೇ ಗಟ್ಟಿ. ಮದ್ದು ಬಿದ್ದಾಗ ಮೆತ್ತನೆಯವು ಸಾಯುತ್ತವೆ, ಗಟ್ಟಿಯವು ಉಳಿಯುತ್ತವೆ; ಉಳಿದದ್ದೇ ಮುಂದಿನ ಬಿತ್ತನೆಗೆ ಬೀಜವಾಗುತ್ತದೆ. ಕೆಲವು ಕ್ರಿಮಿಗಳು ಪೆನಿಸಿಲಿನ್ನನ್ನು ಕತ್ತರಿಸುವ ರಸವನ್ನೇ ತಯಾರಿಸುತ್ತವೆ, ಆ ವಿದ್ಯೆಯನ್ನು ಪಕ್ಕದ ಕ್ರಿಮಿಗೂ ದಾಟಿಸುತ್ತವೆ. ಸಾಲದಷ್ಟು ಮದ್ದು ತಿಂದರೆ ಹೀಗಾಗುವುದೆಂದು ಫ್ಲೆಮಿಂಗರೇ ೧೯೪೫ರ ತಮ್ಮ ನೊಬೆಲ್ ಭಾಷಣದಲ್ಲಿ ಎಚ್ಚರಿಸಿದ್ದರು. ೨೦೧೯ರ ಒಂದೇ ವರ್ಷದಲ್ಲಿ ಮದ್ದಿಗೆ ಬಗ್ಗದ ಕ್ರಿಮಿಗಳಿಂದ ಲೋಕದಲ್ಲಿ ಸುಮಾರು ೧೨.೭ ಲಕ್ಷ ಜನ ಸತ್ತರೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ.

ಹಾಗಾದರೆ ಬಡವನೇ ಅಪರಾಧಿಯೇ? ನಮ್ಮ ಸೀಮೆಯ ಚರಿತ್ರೆಯೇ ಇದಕ್ಕೆ ಉತ್ತರ ಹೇಳುತ್ತದೆ. ೧೯೫೯ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ೧೯೬೧ರಿಂದ ೧೯೬೮ರವರೆಗೆ ಅದು ಆಗಿನ ಬೆಂಗಳೂರು ಜಿಲ್ಲೆಯ ಮೂರು ತಾಲ್ಲೂಕುಗಳ ೧೧೯ ಹಳ್ಳಿಗಳಲ್ಲಿ ಸಮೀಕ್ಷೆ ನಡೆಸಿತು. ಕಫದಲ್ಲಿ ಕ್ರಿಮಿ ಕಂಡವರಲ್ಲಿ ಹೆಚ್ಚು ಕಡಿಮೆ ಅರ್ಧ ಜನ ಐದು ವರ್ಷದೊಳಗೆ ತೀರಿಕೊಂಡಿದ್ದರು. ಅವರು ಸತ್ತದ್ದು ಮದ್ದು ಹೆಚ್ಚಾಗಿ ತಿಂದಲ್ಲ, ಸರಿಯಾದ ಮದ್ದು ಮನೆಬಾಗಿಲಿಗೆ ಬಾರದೆ.

ಇಂದು ಕ್ಷಯಕ್ಕೆ ಮೊದಲು ನಾಲ್ಕು ಮದ್ದುಗಳನ್ನು ಒಟ್ಟಿಗೆ ಕೊಟ್ಟು, ಸಾಮಾನ್ಯವಾಗಿ ಆರು ತಿಂಗಳು ಚಿಕಿತ್ಸೆ ನಡೆಸುತ್ತಾರೆ. ಒಂದು ಮದ್ದಿನಿಂದ ತಪ್ಪಿಸಿಕೊಂಡ ಕ್ರಿಮಿ ಇನ್ನೊಂದಕ್ಕೆ ಸಿಕ್ಕಲೆಂಬುದೇ ಇದರ ಮರ್ಮ. ಸರ್ಕಾರ ಇವನ್ನು ಪುಕ್ಕಟೆ ಕೊಡುತ್ತದೆ. ತಿಂಗಳಿಗೆ ೫೦೦ ರೂಪಾಯಿ ಇದ್ದ ಆಹಾರದ ನೆರವನ್ನು ೨೦೨೪ರ ನವೆಂಬರಿನಿಂದ ೧೦೦೦ಕ್ಕೆ ಏರಿಸಿದೆ. ಇದು ಸಾಲದು, ಆದರೂ ದಾರಿ ಸರಿಯಾದದ್ದು. ಮದ್ದಿನ ಭಾರವನ್ನು ಸಮಾಜ ಹೊತ್ತರೆ ಬಡವನೂ ಆರು ತಿಂಗಳ ಚಿಕಿತ್ಸೆಯನ್ನು ಮುಗಿಸಬಲ್ಲ. ಐದು ದಿನದ ಮಾತ್ರೆಯನ್ನು ಅವನು ಅರ್ಧಕ್ಕೆ ಬಿಡುವುದು ಅಜ್ಞಾನದಿಂದಷ್ಟೇ ಅಲ್ಲ. ರಜೆ ಹಾಕಿದ ದಿನಕ್ಕೆ ಕೂಲಿಯಿಲ್ಲ, ಉಳಿದ ಮಾತ್ರೆಗೆ ಕಾಸಿಲ್ಲ.

ಇನ್ನು ದೊಡ್ಡವರ ಕಡೆ ನೋಡೋಣ. ಬೇರಾವ ಮದ್ದೂ ನಾಟದಾಗ ಆಸ್ಪತ್ರೆಯಲ್ಲಿ ಕೊನೆಯ ಆಸರೆಯಾಗಿ ಕೊಡುವ ಕೊಲಿಸ್ಟಿನ್ ಎಂಬ ಮದ್ದನ್ನು ಕೋಳಿ ಬೇಗ ತೂಕ ಬರಲೆಂದು ಮೇವಿನಲ್ಲಿ ಬೆರೆಸುತ್ತಿದ್ದರು. ಕೇಂದ್ರ ಸರ್ಕಾರ ಇದನ್ನು ನಿಷೇಧಿಸಿದ್ದು ೨೦೧೯ರಲ್ಲಿ. ಮನುಷ್ಯನ ಕಡೆಯ ಆಸರೆ ಕೋಳಿ ಸಾಕುವವನ ಲಾಭಕ್ಕೆ ಖರ್ಚಾಗುತ್ತಿದ್ದಾಗ ಮೂಗು ಮುರಿದವರೆಷ್ಟು ಮಂದಿ? ಅಗ್ಗದ ಮದ್ದು ಜನರಿಗೆ ಸಿಗಲೆಂದು ೧೯೫೪ರಲ್ಲಿ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಸ್ಥಾಪನೆಯಾಯಿತು, ೧೯೮೧ರಲ್ಲಿ ನಮ್ಮ ಬೆಂಗಳೂರಿನಲ್ಲೇ ಕರ್ನಾಟಕ ಆಂಟಿಬಯೋಟಿಕ್ಸ್ ಹುಟ್ಟಿತು. ಪಿಂಪ್ರಿಯದನ್ನು ಖಾಸಗಿಯವರಿಗೆ ಮಾರಲು ೨೦೧೬ರಲ್ಲಿ ಕೇಂದ್ರ ಸಂಪುಟ ತೀರ್ಮಾನಿಸಿತು. ಜನರ ಹಣದಿಂದ ಕಟ್ಟಿದ ಕಾರ್ಖಾನೆ ಬೇಡವಾಗಿ, ಜನರಿಗೆ ಉಪದೇಶ ಮಾತ್ರ ಬೇಕಾಯಿತೇ?

ಚೀಟಿಯಿಲ್ಲದೆ ಮಾತ್ರೆ ಮಾರುವುದನ್ನು ನಿಲ್ಲಿಸಿ ಎನ್ನುವವರಿದ್ದಾರೆ. ಕಾನೂನು ಈಗಲೇ ಇದೆ. ೨೦೧೪ರ ಮಾರ್ಚಿನಿಂದ ಹೆಚ್ಚು ಬಲದ ಹಲವು ಮದ್ದುಗಳಿಗೆ ಅಂಗಡಿಯವನು ರೋಗಿಯ, ವೈದ್ಯರ ಹೆಸರು ಬರೆದು ಮೂರು ವರ್ಷ ಲೆಕ್ಕ ಇಡಬೇಕು. ಈ ಕಾನೂನು ನಡೆಯಬೇಕೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಚೀಟಿ ಬರೆಯುವ ಡಾಕ್ಟರು ಸಂಜೆಯ ಮೇಲೆ ಸಿಗದ ಊರಿನಲ್ಲಿ ಅಂಗಡಿಯನ್ನಷ್ಟೇ ಬಿಗಿ ಮಾಡಿದರೆ ನ್ಯುಮೋನಿಯಾ ಹಿಡಿದ ಮಗುವಿಗೆ ಅದೇ ಮರಣಶಾಸನವಾದೀತು. ಚೀಟಿಯೂ ಡಾಕ್ಟರೂ ಒಟ್ಟಿಗೇ ಬರಬೇಕು.

ಆದ್ದರಿಂದ ನಮ್ಮ ಒತ್ತಾಯಗಳು ಇವು. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೂಲಿಕಾರರು ಬರಬಹುದಾದ ಹೊತ್ತಿನಲ್ಲಿ ಡಾಕ್ಟರಿರಬೇಕು. ಬರೆದ ಮದ್ದನ್ನು ಪೂರ್ತಿ ಅಲ್ಲಿಯೇ ಕೊಡಬೇಕು. ರೋಗದ ದಿನಗಳಿಗೆ ಮಗ್ಗದ ಕೂಲಿಕಾರನಿಗೂ ಸಂಬಳ ಸಿಗಬೇಕು. ಸರ್ಕಾರಿ ಔಷಧಿ ಕಾರ್ಖಾನೆಗಳು ಜನರ ಕೈಯಲ್ಲೇ ಉಳಿಯಬೇಕು.

ಕಾರ್ಯಕರ್ತರಿಗೂ ಒಂದು ಮಾತು. ಸಭೆಗೆ ಹೋದ ಕಡೆಯೆಲ್ಲ ಇದನ್ನು ತಿಳಿಸಿ: ನೆಗಡಿಗೆ ಈ ಮಾತ್ರೆ ಬೇಡ, ಡಾಕ್ಟರು ಹೇಳಿದಷ್ಟು ದಿನ ತಪ್ಪದೆ ನುಂಗಬೇಕು, ಉಳಿದದ್ದನ್ನು ನೆರೆಯವರಿಗೆ ಕೊಡಬಾರದು, ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು. ಆದರೆ ಹೇಳುವಾಗ ಗದರಬೇಡಿ. ಅರ್ಧ ಮಾತ್ರೆ ನುಂಗಿ ಕೆಲಸಕ್ಕೆ ಹೊರಟವನ ಹೊಟ್ಟೆಯ ಲೆಕ್ಕವನ್ನು ಮೊದಲು ಕೇಳಿ, ಆಮೇಲೆ ಕ್ರಿಮಿಯ ಲೆಕ್ಕ ಹೇಳಿ.