ಆಚೆ ದಡದ ಪಾಳು

ಪಾಳುಕೋಟೆ ಎಂದೊಡನೆ ಪ್ರವಾಸಕಥನ ಬರೆಯುವವರ ಲೇಖನಿಗೆ ಜ್ವರವೇರುತ್ತದೆ. ಮುರಿದ ಗೋಡೆ, ಮೊರೆಯುವ ಕಡಲು, ಮುಳುಗುವ ಸೂರ್ಯ, ಇಷ್ಟು ಸಿಕ್ಕಿದರೆ ಸಾಕು, ಇತಿಹಾಸವೆಲ್ಲ ಕಾವ್ಯವಾಗಿಬಿಡುತ್ತದೆ. ಈ ಕಾವ್ಯದ ಮೇಲೆ ನನ್ನದೊಂದು ತಕರಾರಿದೆ.

ಸ್ಕಾಟ್ಲೆಂಡಿನ ಸ್ಕೈ ದ್ವೀಪದ ದಕ್ಷಿಣಕ್ಕೆ, ಸ್ಲೀಟ್ ಸೀಮೆಯ ಪಡುಗರೆಯಲ್ಲಿ ಡನ್‌ಸ್ಕೇಯ್ತ್ ಎಂಬ ಕೋಟೆಯನ್ನು ನೋಡಿ ಬಂದೆ. ದಡದಿಂದ ಬೇರ್ಪಟ್ಟ ಬಂಡೆಯ ಮೇಲೆ ಅದರ ಅವಶೇಷ. ನಡುವಣ ಕಂದರಕ್ಕೆ ಕಟ್ಟಿದ್ದ ಸೇತುವೆಯ ಎರಡು ಪಕ್ಕದ ಗೋಡೆಗಳುಳಿದಿವೆ. ನಡೆಯುವ ಹಾಸು ಬಿದ್ದುಹೋಗಿದೆ. ವೀರ ಕುಹುಲಿನ್‌ನಿಗೆ ಶಸ್ತ್ರವಿದ್ಯೆ ಕಲಿಸಿದ ಸ್ಕಾಹಾ ಎಂಬ ಯೋಧೆ ಇಲ್ಲಿದ್ದಳೆಂದು ಐತಿಹ್ಯ. ಸ್ಲೀಟಿನ ಮ್ಯಾಕ್‌ಡೊನಾಲ್ಡ್ ಒಡೆಯರು ಇಲ್ಲಿ ವಾಸವಾಗಿದ್ದು, 17ನೇ ಶತಮಾನದಲ್ಲಿ ಇದನ್ನು ಬಿಟ್ಟು ಡಂಟಲ್ಮ್ ಕೋಟೆ ಸೇರಿದರು. ಮನೆ ಬದಲಾಯಿಸಿದ ಶ್ರೀಮಂತರಿಗಾಗಿ ನಾವೇಕೆ ಕಣ್ಣೀರಿಡಬೇಕು?

ಕೋಟೆಯೆದುರು ಈಶೋರ್ಟ್ ಎಂಬ ಕಡಲತೋಳು. ಬಂದವರೆಲ್ಲ ಅದರಾಚೆಯ ಕೂಲಿನ್ ಪರ್ವತಗಳನ್ನು ಕಂಡು ಭೇಷ್ ಎನ್ನುತ್ತಾರೆ. ಕಣ್ಣನ್ನು ಕೊಂಚ ಕೆಳಗಿಳಿಸಿದರೆ ಆಚೆ ದಡದಲ್ಲಿ ಸುಯಿಶ್ನಿಶ್, ಬೋರೆರೆಗ್ ಎಂಬ ಊರುಗಳ ನೆಲೆಯುಂಟು. ಅವೂ ಪಾಳೇ. ಅದೇ ಮನೆತನದ ಲಾರ್ಡ್ ಮ್ಯಾಕ್‌ಡೊನಾಲ್ಡನ ಜಮೀನ್ದಾರಿಯವರು 1853ರಲ್ಲಿ ಕುರಿ ಸಾಕಣೆಗಾಗಿ ಅಲ್ಲಿಯ ಜನರನ್ನು ಒಕ್ಕಲೆಬ್ಬಿಸಿದರು. ಇವರು ಚರ್ಚಿನಿಂದ ತೀರ ದೂರವಿದ್ದಾರೆ, ಇವರ ಹಿತಕ್ಕಾಗಿಯೇ ಈ ಏರ್ಪಾಡು ಎಂದು ಸಮಜಾಯಿಷಿ ಬೇರೆ! ಅಡ್ಡಿಪಡಿಸಿದ ಮೂವರು ಇನ್ವರ್ನೆಸ್ಸಿನ ನ್ಯಾಯಾಲಯದಲ್ಲಿ ನಿರ್ದೋಷಿಗಳೆನಿಸಿಕೊಂಡು ಬಂದರು. ಆದರೂ ಮನೆ ಉಳಿಯಲಿಲ್ಲ. ಆಗ ತರುಣನಾಗಿದ್ದ ಭೂವಿಜ್ಞಾನಿ ಆರ್ಚಿಬಾಲ್ಡ್ ಗೀಕಿ ಹೊರಟವರ ಗೋಳನ್ನು ಕಿವಿಯಾರೆ ಕೇಳಿದ. ಮುಪ್ಪಿನಲ್ಲಿಯೂ ಅದನ್ನು ಮರೆಯದೆ 1904ರ ತನ್ನ ಪುಸ್ತಕದಲ್ಲಿ ಬರೆದ.

"ಕೋಟೆ ಪುರಾತನ, ಗುಡಿಸಲಿನಲ್ಲಿ ನೋಡುವುದೇನಿದೆ?" ಎಂದು ಕೇಳುವವರುಂಟು. ಡನ್‌ಸ್ಕೇಯ್ತ್‌ನಲ್ಲಿ ತಾನೆ ಏನಿದೆ? ಒರಟು ಕಲ್ಲು, ಹುಲ್ಲು, ಗಾಳಿ. ಆಚೆ ದಡದಲ್ಲಿರುವುದೂ ಅದೇ. ಒಂದು ಕಲ್ಲಿಗೆ ರಾಜಕಳೆ, ಇನ್ನೊಂದಕ್ಕೆ ಬರಿಯ ಮೌನವೆಂದರೆ ವ್ಯತ್ಯಾಸವಿರುವುದು ಕಲ್ಲಿನಲ್ಲಲ್ಲ, ನೋಡುವವನ ದೃಷ್ಟಿಯಲ್ಲಿ. ಒಡೆಯರ ಕೋಟೆ ನಿಂತದ್ದು ಒಕ್ಕಲುಗಳ ದುಡಿಮೆಯ ಮೇಲೆ. ಕತ್ತಿಯಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ.

ಈ ಜನ ಕೇವಲ ಅತ್ತವರೂ ಅಲ್ಲ. 1882ರಲ್ಲಿ ಇದೇ ಜಮೀನ್ದಾರಿಯ ಬ್ರೇಸ್ ಎಂಬಲ್ಲಿ ಒಕ್ಕಲಿನವರು, ಹೆಂಗಸರೂ ಕೂಡಿ, ಗ್ಲಾಸ್ಗೋದಿಂದ ಕರೆತಂದ ಪೊಲೀಸರನ್ನು ಕಲ್ಲುದೊಣ್ಣೆಗಳಿಂದ ಎದುರಿಸಿದರು. ಅಂಥ ಹೋರಾಟಗಳಿಗೆ ಮಣಿದು 1886ರಲ್ಲಿ ಪಾರ್ಲಿಮೆಂಟು ಒಕ್ಕಲುಹಕ್ಕಿನ ಭದ್ರತೆಯ ಕಾನೂನು ಮಾಡಿತು. ಕುಹುಲಿನ್‌ನ ಸಾಹಸಕ್ಕಿಂತ ಇದು ಕಡಿಮೆಯೆ?

ಕೋಟೆಗೆ ಹೋಗಬೇಡಿರೆಂದು ನಾನು ಹೇಳುತ್ತಿಲ್ಲ. ಹೋಗಿ, ಆದರೆ ಮರುದಿನ ಕಿಲ್‌ಕ್ರೈಸ್ಟಿನ ಪಾಳು ಚರ್ಚಿನ ಬಳಿಯಿಂದ ಬೋರೆರೆಗ್‌ಗೆ ಕಾಲುದಾರಿಯಿದೆ, ಅದನ್ನೂ ತುಳಿಯಿರಿ. ಆ ನಡಿಗೆ ತಪ್ಪಿಸಿಕೊಂಡವರು ಸ್ಕೈ ದ್ವೀಪದ ಇತಿಹಾಸ ಬರೆಯದಿದ್ದರೆ ಒಳ್ಳೆಯದು.